ಧಾರವಾಡದ ಬಹುಮಹಡಿಗಳಲ್ಲಿ ನವಲಗುಂದದ ಹುಡುಗಿಗೊಂದು ಕೋಣೆ ಇದೆಯೇ?

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರದ ವಾರಗಳಲ್ಲಿ ಧಾರವಾಡದ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತು ನೋಡಬೇಕು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯಿಂದ ಬಂದ ಬಸ್ಸುಗಳಿಂದ ಅಂಕಪಟ್ಟಿಯ ಚೀಲವನ್ನು ಎದೆಗವಚಿಕೊಂಡ ಮಕ್ಕಳು ಇಳಿಯುತ್ತಾರೆ. ಅವರ ಹಿಂದೆ ಟೋಪಿ ಸರಿಪಡಿಸಿಕೊಳ್ಳುತ್ತಾ ತಂದೆಯಂದಿರು ಇಳಿಯುತ್ತಾರೆ. ಕಾಲೇಜಿನ ಪ್ರವೇಶದ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಕೋಣೆಯ ಹುಡುಕಾಟ ಮುಗಿಯುವುದಿಲ್ಲ. ‘ಬಾಡಿಗೆಗೆ ಇದೆ’ ಎಂಬ ಫಲಕ ಕಂಡಲ್ಲೆಲ್ಲ ಮೆಟ್ಟಿಲು ಹತ್ತುತ್ತಾರೆ. ಮೊದಲ ಪ್ರಶ್ನೆ ಹೆಸರಿನದು. ಹೆಸರು ಸ್ಪಷ್ಟವಾಗದಿದ್ದರೆ ಎರಡನೆಯದು, ‘ನೀವು ಯಾರ ಪೈಕಿ?’ ಉತ್ತರ ಕೇಳಿದ ಮೇಲೆ ಮಾಲಕರ ಮುಖದಲ್ಲಿ ಸಿಟ್ಟೇನೂ ಇರುವುದಿಲ್ಲ. ಬಹಳ ಸೌಜನ್ಯದಿಂದಲೇ, ‘ಈಗಷ್ಟೇ ಒಬ್ಬರು ಮುಂಗಡ ಕೊಟ್ಟು ಹೋದರಲ್ಲ’ ಎನ್ನುತ್ತಾರೆ. ಗಂಡುಮಗನಾದರೆ ಹೇಗೋ ನಾಲ್ವರ ಜೊತೆ ಒಂದು ಕೋಣೆಯಲ್ಲಿ ತೂರಿಕೊಳ್ಳುತ್ತಾನೆ. ಹೆಣ್ಣುಮಗಳಾದರೆ ತಂದೆ ಮಗಳು ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾರೆ. ‘ದಿನಾ ಹೋಗಿ ಬಂದು ಓದಲಿ’ ಎಂದು ಆರಂಭವಾದದ್ದು ಎರಡನೆಯ ವರ್ಷಕ್ಕೆ ‘ಓದಿದ್ದು ಸಾಕು, ಸಂಬಂಧ ಬಂದಿದೆ’ ಎಂಬಲ್ಲಿಗೆ ಮುಗಿಯುತ್ತದೆ.

ಈ ದೃಶ್ಯವನ್ನು ಕಣ್ಣೆದುರು ಇಟ್ಟುಕೊಂಡೇ ಧಾರವಾಡದ ಬಹುಮಹಡಿ ಕಟ್ಟಡಗಳ ಚರ್ಚೆಗೆ ನಾವು ಪ್ರವೇಶಿಸಬಯಸುತ್ತೇವೆ. ಏಕೆಂದರೆ ಈ ಚರ್ಚೆಯಲ್ಲಿ ಮರಗಳ ಬಗ್ಗೆ ಮಾತಾಡುವವರಿದ್ದಾರೆ, ನಿವೇಶನದ ಬೆಲೆಯ ಬಗ್ಗೆ ಮಾತಾಡುವವರಿದ್ದಾರೆ. ಆ ಸಂಜೆಯ ಬಸ್ಸಿನಲ್ಲಿ ಮರಳಿದ ಹುಡುಗಿಯ ಬಗ್ಗೆ ಮಾತಾಡುವವರು ಕಾಣುತ್ತಿಲ್ಲ.

ಧಾರವಾಡದ ಹಳೆಯ ಬಡಾವಣೆಗಳ ಚಹರೆ ಬದಲಾಗುತ್ತಿದೆ. ಹೆಂಚಿನ ಮನೆ, ಅಂಗಳ, ಹಿತ್ತಲಲ್ಲೊಂದು ಪೇರಲ ಗಿಡವಿದ್ದ ನಿವೇಶನಗಳಲ್ಲಿ ಕೆಳಗೆ ಅಂಗಡಿ, ಅದರ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರ, ಅದಕ್ಕೂ ಮೇಲೆ ವಿದ್ಯಾರ್ಥಿಗಳ ಪಿ.ಜಿ., ತುದಿಯಲ್ಲಿ ಮಾಲಕರ ಮನೆ ಎಂಬಂತಹ ಕಟ್ಟಡಗಳು ಏಳುತ್ತಿವೆ. ಸಪ್ತಾಪುರ, ಜಯನಗರಗಳಲ್ಲಿ ನಡೆದಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ಯಾರೋ ಕೆಲವರ ದುರಾಸೆಯನ್ನಷ್ಟೇ ಹೊಣೆ ಮಾಡುವುದು ನ್ಯಾಯವಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲಿಗೆ ಬಂದು ನೆಲೆಸಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟಿನ ಪೀಠ, 2016ರಲ್ಲಿ ಐ.ಐ.ಟಿ. ಬಂದವು. ಪ್ರತಿಯೊಂದು ಸಂಸ್ಥೆಯೂ ಜನರನ್ನು ಕರೆತಂದಿತು. ಊರ ಹೃದಯಭಾಗದ ನೆಲ ಮಾತ್ರ ಇದ್ದಷ್ಟೇ ಇದೆ. ನೆಲ ಹಿಗ್ಗದಿದ್ದಾಗ ಕಟ್ಟಡ ಎತ್ತರಕ್ಕೆ ಹೋಗುವುದು ಸಹಜ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟವು ಒಪ್ಪಿಗೆ ನೀಡಿದ ಬಳಿಕ, ಈ ಊರು ಇನ್ನು ಯಾವ ರೀತಿ ಬೆಳೆಯಬೇಕು ಎಂಬ ಪ್ರಶ್ನೆಗೆ ಹೊಸ ತೂಕ ಬಂದಿದೆ.

ಒಂದು ಪಕ್ಷದವರ ವಾದ ಹೀಗಿದೆ: ಧಾರವಾಡವು ಮಲೆನಾಡಿನ ಸೆರಗಿನಲ್ಲಿರುವ ಪ್ರಶಾಂತ ಊರು, ಕವಿಗಳ ಊರು, ಸಂಗೀತದ ಊರು. ಇಲ್ಲಿ ಬಹುಮಹಡಿಗಳೆದ್ದರೆ ಆ ಶಾಂತಿ ಕೆಡುತ್ತದೆ. ಮನೆಗಳ ನಡುವೆ ಅಂಗಡಿ, ಖಾನಾವಳಿ, ಪಿ.ಜಿ.ಗಳು ಬಂದರೆ ‘ಎಲ್ಲೆಲ್ಲಿಯವರೋ’ ಬರುತ್ತಾರೆ. ನೀರು ಸಾಲುವುದಿಲ್ಲ, ಗಟಾರು ತುಂಬಿ ಹರಿಯುತ್ತದೆ, ಬೈಕು ನಿಲ್ಲಿಸಲು ಜಾಗವಿರುವುದಿಲ್ಲ.

ಇದರಲ್ಲಿ ಸತ್ಯಾಂಶವಿದೆ ಎಂಬುದನ್ನು ನಾವು ನಿರಾಕರಿಸುವುದಿಲ್ಲ. ನಲ್ಲಿಯಲ್ಲಿ ನೀರು ಕಾಣಲು ದಿನಗಟ್ಟಲೆ ಕಾಯುವ ವಾರ್ಡುಗಳುಳ್ಳ ಊರಿನಲ್ಲಿ ಒಂದು ನಿವೇಶನಕ್ಕೆ ಮೂವತ್ತು ಜನರನ್ನು ತುಂಬಿದರೆ ಏನಾಗುತ್ತದೆಂದು ಕೇಳುವುದು ತಪ್ಪಲ್ಲ. ಆದರೆ ನೀರಿನ ಕೊರತೆಗೆ ಪರಿಹಾರ ನೀರನ್ನು ಒದಗಿಸುವುದು. ವಿದ್ಯಾರ್ಥಿಯನ್ನು ಊರಿಗೆ ಮರಳಿ ಕಳಿಸುವುದಲ್ಲ. ಈ ‘ಶಾಂತಿ’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಏನಿದೆ? ನಲವತ್ತು ವರ್ಷಗಳ ಹಿಂದೆ ಸುಲಭ ಬೆಲೆಗೆ ನಿವೇಶನ ಪಡೆದು ಮನೆ ಕಟ್ಟಿಕೊಂಡವರು, ತಮ್ಮ ಮಕ್ಕಳನ್ನು ಇದೇ ಊರಿನ ಕಾಲೇಜುಗಳಲ್ಲಿ ಓದಿಸಿ ಬೆಂಗಳೂರಿಗೋ ಅಮೆರಿಕಕ್ಕೋ ಕಳಿಸಿದವರು, ಈಗ ಬಾಗಿಲು ಹಾಕಿಕೊಳ್ಳಬಯಸುತ್ತಿದ್ದಾರೆ. ಅವರ ಮಕ್ಕಳು ಹೋದ ಊರುಗಳಲ್ಲಿ ಬಹುಮಹಡಿಗಳಿಲ್ಲವೇ? ಅಲ್ಲಿಯವರೂ ಇದೇ ಮಾತನ್ನಾಡಿ ಬಾಗಿಲು ಹಾಕಿದ್ದರೆ ಇವರ ಮಕ್ಕಳ ಗತಿ ಏನಾಗುತ್ತಿತ್ತು?

ಇಲ್ಲಿ ಒಂದು ಸರಳ ಲೆಕ್ಕವಿದೆ. ಕೋಣೆಗಳು ಹತ್ತು, ಕೇಳುವವರು ನೂರು ಮಂದಿ ಇದ್ದಾಗ ಪೂರ್ವಗ್ರಹಕ್ಕೆ ಖರ್ಚು ಬೀಳುವುದಿಲ್ಲ. ಒಬ್ಬ ಮುಸ್ಲಿಮನಿಗೋ ದಲಿತನಿಗೋ ಇಲ್ಲವೆಂದರೆ ಮಾಲಕನಿಗೆ ಒಂದು ದಿನದ ಬಾಡಿಗೆಯೂ ನಷ್ಟವಾಗುವುದಿಲ್ಲ. ಇನ್ನೊಬ್ಬರು ಮೆಟ್ಟಿಲಲ್ಲೇ ನಿಂತಿರುತ್ತಾರೆ. ಕೋಣೆಗಳು ಹೆಚ್ಚಾಗಿ ಕೆಲವು ಖಾಲಿ ಬಿದ್ದಾಗ ಅದೇ ಮಾಲಕನು ಹೆಸರು ಕೇಳುವ ಮೊದಲು ಬಾಡಿಗೆಯ ಮಾತಾಡುತ್ತಾನೆ. ಕಟ್ಟಡಗಳನ್ನು ತಡೆಯುವುದೆಂದರೆ ಕೋಣೆಗಳ ಅಭಾವವನ್ನು ಕಾಪಾಡುವುದು. ಅಭಾವವನ್ನು ಕಾಪಾಡುವುದೆಂದರೆ ಆರಿಸುವ ಅಧಿಕಾರವನ್ನು ಮಾಲಕನ ಕೈಯಲ್ಲಿ ಬಿಡುವುದು. ಆ ಅಧಿಕಾರದ ಮುಂದೆ ಮೊದಲು ಸೋಲುವವರು ನಮ್ಮ ಮಕ್ಕಳು. ಕಾನೂನಿನ ಆಸರೆಯೂ ಇಲ್ಲಿ ತೆಳುವಾಗಿದೆ. ಗುಜರಾತಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸುವ ನಿಯಮವನ್ನು ಸುಪ್ರೀಮ್ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಖಾಸಗಿ ಮಾಲಕನ ಬಾಗಿಲನ್ನು ಸಂವಿಧಾನದ ಬಲದಿಂದ ತಟ್ಟುವುದು ಎಷ್ಟು ಕಷ್ಟವೆಂದು ಇದರಿಂದ ತಿಳಿಯುತ್ತದೆ. ಆದ್ದರಿಂದ ಕೋಣೆಗಳ ಸಂಖ್ಯೆ ಹೆಚ್ಚುವುದು ನಮ್ಮ ಪಾಲಿಗೆ ಹಕ್ಕಿನ ಪ್ರಶ್ನೆಯೂ ಹೌದು.

‘ಈಗ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಲ್ಲವೇ, ಊರಿಂದಲೇ ಬಂದು ಓದಲಿ’ ಎನ್ನುವವರಿದ್ದಾರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳಿಗೆ ಆದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಟಿಕೆಟ್ಟಿನ ಹಣ ಉಳಿದರೂ ಹೊತ್ತು ಉಳಿಯುವುದಿಲ್ಲ. ನವಲಗುಂದದಲ್ಲಿ ತಾಯಿ ಜಮಖಾನೆಯ ಮಗ್ಗದ ಮುಂದೆ ಕೂರುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟ ಹುಡುಗಿ, ಬಸ್ಸು ಬದಲಿಸಿ ತರಗತಿ ಮುಟ್ಟಿ, ಕೊನೆಯ ತರಗತಿಯನ್ನು ಬಿಟ್ಟು ಓಡಿ, ಮಗ್ರಿಬ್ ಹೊತ್ತಿಗೆ ಮನೆ ಸೇರಿದರೆ ಅವಳು ಓದುವುದು ಯಾವಾಗ? ಗ್ರಂಥಾಲಯದಲ್ಲಿ ಕೂರುವುದು ಯಾವಾಗ? ಅವಳ ತರಗತಿಯ ಧಾರವಾಡದ ಹುಡುಗಿಗೆ ಸಿಗುವ ದಿನದ ನಾಲ್ಕು ಗಂಟೆ ಇವಳಿಗೆ ರಸ್ತೆಯ ಮೇಲೆ ಕಳೆದುಹೋಗುತ್ತದೆ. ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ.

ಇನ್ನೊಂದು ಪಕ್ಷವು ಕಟ್ಟುವವರದು. ಅವರ ಬಾಯಲ್ಲಿ ‘ಅಭಿವೃದ್ಧಿ’ ಎಂಬ ಒಂದೇ ಪದವಿದೆ. ನಿವೇಶನದ ವಿಸ್ತೀರ್ಣಕ್ಕೂ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ಇರಬೇಕಾದ ಅನುಪಾತವನ್ನು ನಿಯಮಗಳು ಗೊತ್ತುಪಡಿಸುತ್ತವೆ. ಅನುಪಾತ ಎರಡು ಇದ್ದರೆ 1200 ಚದರಡಿಯ ನಿವೇಶನದಲ್ಲಿ ಎಲ್ಲ ಮಹಡಿ ಸೇರಿ 2400 ಚದರಡಿ ಕಟ್ಟಬಹುದು. ಈ ಅನುಪಾತವನ್ನು ಹೆಚ್ಚಿಸಿ ಎಂಬುದು ಅವರ ಬೇಡಿಕೆ. ಬೇಡಿಕೆಯಲ್ಲಿ ತಪ್ಪಿಲ್ಲ. ಆದರೆ ಕಾಗದದಲ್ಲಿ ಮೂರು ಮಹಡಿ ತೋರಿಸಿ ನೆಲದ ಮೇಲೆ ಐದು ಕಟ್ಟುವವರು, ವಾಹನ ನಿಲುಗಡೆಗೆಂದು ಬಿಟ್ಟ ನೆಲಮಾಳಿಗೆಯನ್ನು ಗ್ರಂಥಾಲಯವೆಂದು ಬಾಡಿಗೆಗೆ ಕೊಡುವವರು ಈ ಬೇಡಿಕೆಯ ಹಿಂದೆ ಅಡಗಿಕೊಂಡಿದ್ದಾರೆ.

2019ರ ಮಾರ್ಚ್ 19ನ್ನು ಧಾರವಾಡ ಮರೆಯಬಾರದು. ಅಂದು ಮಧ್ಯಾಹ್ನ ಕುಮಾರೇಶ್ವರ ನಗರದಲ್ಲಿ ಬಹುಮಹಡಿ ವಾಣಿಜ್ಯ ಕಟ್ಟಡವೊಂದು ಕುಸಿದು ಬಿತ್ತು. ಮೇಲಿನ ಕೆಲಸ ಇನ್ನೂ ನಡೆಯುತ್ತಿತ್ತು. ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. 19 ಜೀವಗಳು ಹೋದವು. ಅವಶೇಷಗಳಡಿ ಸಿಕ್ಕಿಕೊಂಡವರನ್ನು ಹೊರತೆಗೆಯುವ ಕಾರ್ಯ ದಿನಗಟ್ಟಲೆ ನಡೆಯಿತು. 2024ರ ಜುಲೈ 27ರಂದು ದಿಲ್ಲಿಯ ಹಳೇ ರಾಜಿಂದರ್ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಧಾರವಾಡದ ತರಬೇತಿ ಕೇಂದ್ರಗಳಲ್ಲಿ ಓದುವ ಮಕ್ಕಳ ತಂದೆತಾಯಿಗಳು ಆ ಸುದ್ದಿಯನ್ನು ದೂರದ ಊರಿನ ಸುದ್ದಿಯೆಂದು ಓದಿ ಪತ್ರಿಕೆ ಮಡಚಿಡಬಾರದಿತ್ತು. ಕಟ್ಟಡದ ಎತ್ತರಕ್ಕೂ ಅದರ ಅಡಿಪಾಯಕ್ಕೂ ಸಂಬಂಧ ತಪ್ಪಿದರೆ ಸಾಯುವವನು ಮಾಲಕನಲ್ಲ, ಬಾಡಿಗೆದಾರ.

ಹಾಗಾದರೆ ನಾವು ಯಾರ ಕಡೆ? ಇದಕ್ಕೆ ಉತ್ತರಿಸುವ ಮೊದಲು ನಮ್ಮದೇ ಪರಂಪರೆಯನ್ನೊಮ್ಮೆ ತೆರೆದು ನೋಡೋಣ. ಒಂದೇ ಜಾಗದಲ್ಲಿ ವಾಸ, ವಿದ್ಯೆ, ವ್ಯಾಪಾರ, ಆರಾಧನೆಗಳು ಕೂಡಿರುವುದು ನಗರ ಯೋಜಕರು ನಿನ್ನೆ ಮೊನ್ನೆ ಕಂಡುಹಿಡಿದ ಸಂಗತಿಯಲ್ಲ. ನಮ್ಮ ಊರುಗಳ ಜಾಮಿಯಾ ಮಸೀದಿಯ ಸುತ್ತಲಿನ ಓಣಿಗಳೇ ಇದಕ್ಕೆ ಸಾಕ್ಷಿ. ಕೆಳಗೆ ದರ್ಜಿಯ ಯಂತ್ರ, ಮೇಲೆ ಸಂಸಾರ, ಎದುರಿಗೆ ಮದ್ರಸ, ಮೂಲೆಯಲ್ಲಿ ಚಹಾದಂಗಡಿ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಪೂರ್ಣಗೊಳಿಸಿದ ಮದ್ರಸವು ಮೂರು ಅಂತಸ್ತಿನದು. ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ಮತ್ತು ಗುರುಗಳ ವಸತಿ ಎಲ್ಲವೂ ಒಂದೇ ಕಟ್ಟಡದೊಳಗೆ ಇದ್ದವು. ದೂರದೂರಿನಿಂದ ಬಂದ ವಿದ್ಯಾರ್ಥಿಯು ಅಲ್ಲಿ ಬಾಡಿಗೆಯ ಕೋಣೆ ಹುಡುಕಿಕೊಂಡು ಓಣಿ ಓಣಿ ಅಲೆಯಬೇಕಾಗಿರಲಿಲ್ಲ. ಇಸ್ತಾಂಬುಲಿನಲ್ಲಿ ಶಿಲ್ಪಿ ಸಿನಾನ್ 1550ರ ದಶಕದಲ್ಲಿ ಕಟ್ಟಿದ ಸುಲೈಮಾನಿಯಾ ಸಂಕೀರ್ಣದಲ್ಲಿ ಮಸೀದಿಯ ಸುತ್ತ ಮದ್ರಸಗಳು, ಆಸ್ಪತ್ರೆ, ಬಡವರಿಗೆ ಉಣಬಡಿಸುವ ಪಾಕಶಾಲೆ ಮತ್ತು ಅಂಗಡಿಗಳ ಸಾಲು ಇವೆ. ವಕ್ಫ್ ಎಂಬುದರ ಅರ್ಥ ನಮ್ಮ ಹಿರಿಯರಿಗೆ ಹೀಗೆ ಗೊತ್ತಿತ್ತು. ಅಂಗಡಿಯ ಬಾಡಿಗೆ ವಿದ್ಯಾರ್ಥಿಯ ರೊಟ್ಟಿಯಾಗಬೇಕು.

ಅದೇ ಪರಂಪರೆಯು ಕಟ್ಟುವವನಿಗೆ ಮಿತಿಯನ್ನೂ ಹಾಕಿದೆ. ದಾರಿಯ ಅಗಲದ ಬಗ್ಗೆ ತಕರಾರು ಬಂದಾಗ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ) ತೀರ್ಪಿತ್ತದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ನೆರೆಯವನ ಗಾಳಿಗೆ ಅಡ್ಡವಾಗಿ ಗೋಡೆ ಎಬ್ಬಿಸಬಾರದೆಂಬ ಅರ್ಥದ ವರದಿಯ ಸನದ್ ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿದ್ದರೂ, ನೆರೆಯವನಿಗೆ ಹಾನಿ ಮಾಡಬಾರದೆಂಬ ಮೂಲತತ್ವದ ಬಗ್ಗೆ ಫಿಕ್ಹ್ ಪಂಡಿತರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹದಿನಾಲ್ಕನೆಯ ಶತಮಾನದ ಟ್ಯೂನಿಸ್ ನಗರದಲ್ಲಿ ಇಬ್ನುರ್ ರಾಮಿ ಎಂಬವರಿದ್ದರು. ಅವರು ಸ್ವತಃ ಗಾರೆ ಕೆಲಸದವರು. ಗೋಡೆ, ಕಿಟಕಿ, ಗಟಾರು, ಓಣಿ, ನೆರೆಹೊರೆಯ ಜಗಳಗಳ ಕುರಿತ ಶರೀಅತ್ ವಿಧಿಗಳ ಮೇಲೆ ಅವರು ಒಂದು ಗ್ರಂಥವನ್ನೇ ಬರೆದರು. ದಟ್ಟವಾದ ಊರಿನಲ್ಲಿ ಬದುಕಲು ಕಟ್ಟುನಿಟ್ಟಾದ ನಿಯಮಗಳು ಬೇಕೆಂದು ಆ ಗಾರೆಯವರಿಗೆ ತಿಳಿದಿತ್ತು. ಮೇಲಕ್ಕೆ ಕಟ್ಟು, ಆದರೆ ನೆರೆಯವನ ಬೆಳಕನ್ನು, ದಾರಿಹೋಕನ ದಾರಿಯನ್ನು, ಒಳಗಿರುವವನ ಪ್ರಾಣವನ್ನು ಕಸಿಯಬೇಡ. ನಮ್ಮ ನಿಲುವು ಇದೇ.

ಇನ್ನು ನಮ್ಮ ಸಮುದಾಯದ ಕಡೆ ತಿರುಗೋಣ. ಇಲ್ಲಿಯವರೆಗೆ ಓದುತ್ತಾ ತಲೆದೂಗಿದವರು ಇನ್ನು ಮುಂದೆ ಸ್ವಲ್ಪ ಮುಖ ಸಿಂಡರಿಸಿಕೊಳ್ಳಬಹುದು.

ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಮಾರ್ಗಕ್ಕಾಗಿ ಭೈರಿದೇವರಕೊಪ್ಪದ ದರ್ಗಾವನ್ನು 2022ರ ಡಿಸೆಂಬರ್ 21ರಂದು ಪೊಲೀಸ್ ಬಂದೋಬಸ್ತಿನಲ್ಲಿ ತೆರವುಗೊಳಿಸಲಾಯಿತು. ದರ್ಗಾ ಸಮಿತಿಯು ನ್ಯಾಯಾಲಯದ ಮೊರೆಹೋಗಿತ್ತು, ತಡೆ ಸಿಗಲಿಲ್ಲ. ಅಂದು ಜನ ಅತ್ತರು. ಆ ನೋವು ಸಹಜವಾದದ್ದು. ಆದರೆ ಚಿಗರಿ ಬಸ್ಸುಗಳು ಆ ರಸ್ತೆಯಲ್ಲಿ 2018ರಲ್ಲೇ ಓಡತೊಡಗಿದ್ದವು. ಅದಕ್ಕೂ ಎಷ್ಟೋ ವರ್ಷ ಮೊದಲೇ ನಕ್ಷೆಗಳು ಕಚೇರಿಯಲ್ಲಿದ್ದವು. ರಸ್ತೆಯಾಗಲಿ, ಬಡಾವಣೆಯಾಗಲಿ, ಅದು ಮೊದಲು ಕಾಗದದ ಮೇಲೆ ಬರುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಯಾವ ರಸ್ತೆ ಅಗಲವಾಗುತ್ತದೆ, ಯಾವ ಓಣಿ ‘ವಾಸ’ದ ಬಣ್ಣದಿಂದ ‘ವಾಣಿಜ್ಯ’ದ ಬಣ್ಣಕ್ಕೆ ಬದಲಾಗುತ್ತದೆ ಎಂಬುದೆಲ್ಲ ಆ ಕರಡಿನಲ್ಲಿರುತ್ತದೆ. ನಮ್ಮ ಎಷ್ಟು ಜಮಾಅತ್‌ಗಳು ಅಂತಹ ಕರಡನ್ನು ತರಿಸಿ ನೋಡಿವೆ? ಎಷ್ಟು ಅಂಜುಮನ್‌ಗಳು ಲಿಖಿತ ಆಕ್ಷೇಪಣೆ ಸಲ್ಲಿಸಿವೆ? ಚಂದ್ರದರ್ಶನದ ವಿವಾದಕ್ಕೆ ನಡುರಾತ್ರಿ ಸಭೆ ಸೇರುವ ನಾವು ಊರಿನ ನಕ್ಷೆಯ ಮುಂದೆ ಹಗಲಿನಲ್ಲೂ ಸೇರುವುದಿಲ್ಲ. ಕಾಗದದ ಮೇಲಿನ ಗೆರೆಯನ್ನು ಪೆನ್ನಿನಿಂದ ಬದಲಿಸಬಹುದು. ಯಂತ್ರ ಬಂದು ನಿಂತ ಮೇಲೆ ಕಣ್ಣೀರಿನಿಂದ ಬದಲಿಸಲಾಗದು.

ಎರಡನೆಯದಾಗಿ, ನಮ್ಮ ಬಳಿ ಜಾಗವೇ ಇಲ್ಲವೇ? ಇದೆ. ಬಸ್ ನಿಲ್ದಾಣದ ಹತ್ತಿರ, ಮಾರುಕಟ್ಟೆಯ ನಡುವೆ, ಕಾಲೇಜಿನ ರಸ್ತೆಯಲ್ಲಿ, ಬೇರೆಯವರು ಕೋಟಿ ಕೊಟ್ಟರೂ ಸಿಗದಂತಹ ಆಯಕಟ್ಟಿನ ಸ್ಥಳಗಳಲ್ಲಿ ವಕ್ಫ್ ಆಸ್ತಿಗಳಿಲ್ಲದ ಪಟ್ಟಣ ನಮ್ಮ ನಾಡಿನಲ್ಲಿ ವಿರಳ. ಅವುಗಳ ಮೇಲೆ ಏನಿದೆ? ಒಂದೇ ಅಂತಸ್ತಿನ ಅಂಗಡಿ ಸಾಲು. ಅಜ್ಜನ ಕಾಲದ ಬಾಡಿಗೆ. ಬಾಡಿಗೆದಾರನು ಅದನ್ನೇ ಇನ್ನೊಬ್ಬನಿಗೆ ಹತ್ತು ಪಟ್ಟಿಗೆ ಒಳಬಾಡಿಗೆ ಕೊಟ್ಟಿರುತ್ತಾನೆ. ಮುತವಲ್ಲಿಗೆ ಇದು ಗೊತ್ತು, ಜಮಾಅತಿಗೆ ಗೊತ್ತು, ಎಲ್ಲರೂ ಸುಮ್ಮನಿದ್ದಾರೆ. 2006ರ ಸಾಚಾರ್ ಸಮಿತಿಯ ವರದಿಯು ದೇಶದ ವಕ್ಫ್ ಆಸ್ತಿಗಳ ಮಾರುಕಟ್ಟೆ ಮೌಲ್ಯವನ್ನು ಸುಮಾರು 1.2 ಲಕ್ಷ ಕೋಟಿ ರೂಪಾಯಿಯೆಂದು ಅಂದಾಜಿಸಿತ್ತು. ಅವುಗಳಿಂದ ಬರುತ್ತಿದ್ದ ವಾರ್ಷಿಕ ಆದಾಯ ಕೇವಲ 163 ಕೋಟಿ. ಸರಿಯಾಗಿ ಬಳಸಿ ಶೇ. 10ರ ಪ್ರತಿಫಲ ಬಂದರೂ ವರ್ಷಕ್ಕೆ 12,000 ಕೋಟಿ ಬರುತ್ತದೆಂದು ಆ ವರದಿ ಲೆಕ್ಕಹಾಕಿ ತೋರಿಸಿತ್ತು. ಆ ವರದಿಯ ಹೆಸರನ್ನು ನಾವು ಪ್ರತಿ ವೇದಿಕೆಯಲ್ಲಿ ಎತ್ತುತ್ತೇವೆ, ಸರಕಾರವನ್ನು ಪ್ರಶ್ನಿಸಲು. ಅದೇ ವರದಿ ನಮ್ಮನ್ನು ಪ್ರಶ್ನಿಸಿದ ಪುಟಗಳನ್ನು ಮಾತ್ರ ತಿರುವಿಹಾಕುತ್ತೇವೆ.

ಕಾನೂನಿನಲ್ಲಿ ದಾರಿಯೇ ಇರಲಿಲ್ಲವೆನ್ನಲೂ ಬರುವುದಿಲ್ಲ. ಶಿಕ್ಷಣ, ಆರೋಗ್ಯ ಮತ್ತು ವಾಣಿಜ್ಯ ಉದ್ದೇಶಗಳಿಗೆ ವಕ್ಫ್ ಆಸ್ತಿಯನ್ನು 30 ವರ್ಷಗಳವರೆಗೆ ಗುತ್ತಿಗೆಗೆ ನೀಡಲು 2013ರ ತಿದ್ದುಪಡಿ ಅವಕಾಶ ಕಲ್ಪಿಸಿತ್ತು. ನಗರಗಳಲ್ಲಿರುವ ವಕ್ಫ್ ಆಸ್ತಿಗಳ ಅಭಿವೃದ್ಧಿಗೆ ಕೇಂದ್ರ ವಕ್ಫ್ ಮಂಡಳಿಯ ಮೂಲಕ ಸಾಲ ನೀಡುವ ಯೋಜನೆಯು 1970ರ ದಶಕದಲ್ಲೇ ಆರಂಭವಾಗಿತ್ತು. ಬಳಸಿಕೊಂಡವರೆಷ್ಟು? 2025ರಲ್ಲಿ ವಕ್ಫ್ ತಿದ್ದುಪಡಿ ಕಾಯಿದೆ ಬಂದಾಗ ನಾವು ಬೀದಿಗಿಳಿದೆವು. ಆ ಕಾಯಿದೆಯ ಬಗ್ಗೆ ನಮ್ಮ ವಿರೋಧ ಇಂದಿಗೂ ಇದೆ. ಆದರೆ ವಕ್ಫ್ ಜಮೀನಿನಲ್ಲಿ ನೂರು ಬಡ ವಿದ್ಯಾರ್ಥಿನಿಯರು ಓದುತ್ತಿರುವ ಕಟ್ಟಡವೊಂದು ನಿಂತಿದ್ದರೆ ಅದನ್ನು ಮುಟ್ಟುವ ಧೈರ್ಯ ಯಾರಿಗಿತ್ತು? ಹುಲ್ಲು ಬೆಳೆದ ಖಾಲಿ ಜಾಗವನ್ನು ಕಾಗದಪತ್ರಗಳಿಂದ ಕಾಯುವುದು ಕಷ್ಟ. ಜನೋಪಯೋಗಿಯಾದ ಆಸ್ತಿಯನ್ನು ಊರೇ ಕಾಯುತ್ತದೆ.

ಮತ್ತೆ, ನಾವು ಕಟ್ಟಿದ್ದೇನು? ಶಾದಿಮಹಲ್‌ಗಳು. ಸರಕಾರದ ಅನುದಾನ ಬೇಡಿ, ಚಂದಾ ಎತ್ತಿ, ಊರೂರಿಗೆ ಶಾದಿಮಹಲ್ ಕಟ್ಟಿದೆವು. ವರ್ಷದ ಬಹುಪಾಲು ದಿನ ಬೀಗ ಹಾಕಿರುವ, ಉಳಿದ ದಿನ ಸಾಲಗಾರ ತಂದೆಯೊಬ್ಬನು ಬಿರಿಯಾನಿ ಬಡಿಸುವ ಸಭಾಂಗಣಗಳು. ಮಗಳ ಮದುವೆಯ ಒಂದು ದಿನಕ್ಕೆ ಮಹಲು ಕಟ್ಟಿದ ಸಮುದಾಯವು ಅವಳ ಓದಿನ ಮೂರು ವರ್ಷಕ್ಕೆ ಒಂದು ಕೋಣೆ ಕಟ್ಟಲಿಲ್ಲವಲ್ಲ! ಇದಕ್ಕೆ ಯಾವ ಸರಕಾರ ಹೊಣೆ? ಯಾವ ಕೋಮುವಾದಿ ಹೊಣೆ?

‘ಹಾಸ್ಟೆಲಿನಲ್ಲಿ ಬಿಟ್ಟರೆ ಹೆಣ್ಣುಮಕ್ಕಳು ಕೆಡುತ್ತಾರೆ’ ಎಂಬ ಮಾತನ್ನು ಕೆಲವು ಹಿರಿಯರಿಂದ ಕೇಳುತ್ತೇವೆ. ಅವರಿಗೆ ನಮ್ಮ ವಿನಂತಿ ಇಷ್ಟೇ. ಮದೀನಾದ ಮಾರುಕಟ್ಟೆಯ ಮೇಲ್ವಿಚಾರಣೆಯನ್ನು ಹಝ್ರತ್ ಉಮರ್(ರ) ಅವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಅಕ್ಷರಸ್ಥ ಮಹಿಳೆಗೆ ವಹಿಸಿದ್ದರೆಂದು ನಮ್ಮ ಚರಿತ್ರೆಕಾರರು ಬರೆದಿದ್ದಾರೆ. ಮೊರಾಕ್ಕೋದ ಫೆಸ್ ನಗರದ ಖರವಿಯ್ಯೀನ್ ವಿದ್ಯಾಕೇಂದ್ರಕ್ಕೆ ಒಂಬತ್ತನೆಯ ಶತಮಾನದಲ್ಲಿ ಬುನಾದಿ ಹಾಕಿದವರು ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಎಂಬುದು ಪ್ರಸಿದ್ಧವಾದ ಪರಂಪರಾಗತ ನಂಬಿಕೆ. ಸುರಕ್ಷಿತ ವಸತಿ ಇಲ್ಲದಿರುವುದೇ ಭಯಕ್ಕೆ ಕಾರಣವಾಗಿದ್ದರೆ ಅದಕ್ಕೆ ಮದ್ದು ಸುರಕ್ಷಿತ ವಸತಿಯನ್ನು ಕಟ್ಟುವುದು. ಓದನ್ನು ನಿಲ್ಲಿಸುವುದು ಮದ್ದಲ್ಲ.

ಮೂರನೆಯ ಮಾತು ಇನ್ನೂ ಕಹಿಯಾದದ್ದು. ನಮ್ಮವರಲ್ಲೂ ಕಟ್ಟಡದ ಮಾಲಕರಿದ್ದಾರೆ. ಬೇರೆಡೆ ಕೋಣೆ ಸಿಗದೆ ‘ನಮ್ಮವರ ಓಣಿ’ಗೆ ಓಡಿಬಂದ ವಿದ್ಯಾರ್ಥಿಯಿಂದ, ಅವನಿಗೆ ಬೇರೆ ದಿಕ್ಕಿಲ್ಲವೆಂದು ಗೊತ್ತಿದ್ದೇ ಹೆಚ್ಚು ಬಾಡಿಗೆ ಕೀಳುವವರಿದ್ದಾರೆ. ಅನುಮತಿಯಿಲ್ಲದೆ ಮಹಡಿಯ ಮೇಲೆ ಮಹಡಿ ಏರಿಸಿ, ಮೂರಡಿ ಅಗಲದ ಒಂದೇ ಮೆಟ್ಟಿಲು ಇಟ್ಟು, ಇಪ್ಪತ್ತು ಹುಡುಗರಿಗೆ ಎರಡು ಸಂಡಾಸು ಕೊಟ್ಟು, ಶುಕ್ರವಾರ ಮೊದಲ ಸಾಲಿನಲ್ಲಿ ನಿಲ್ಲುವವರಿದ್ದಾರೆ. ಬೆಂಕಿಗೆ, ಭೂಮಿಯ ಭಾರಕ್ಕೆ ಹೆಸರು ಗೊತ್ತಿಲ್ಲ. ಪರಿಪೂರ್ಣತಾ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಮ್ ಕೋರ್ಟು ಕಟ್ಟುನಿಟ್ಟಾಗಿ ಹೇಳಿದೆ. ಅಕ್ರಮವನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ರಾಜ್ಯದ ಯೋಜನೆಗೆ 2017ರಲ್ಲೇ ಅದೇ ನ್ಯಾಯಾಲಯ ತಡೆ ನೀಡಿತ್ತು. ‘ಮುಂದೆ ಹೇಗೋ ಸರಿಯಾಗುತ್ತದೆ’ ಎಂಬ ನಂಬಿಕೆಯಲ್ಲಿ ಕಟ್ಟುವುದು ಇನ್ನು ನಡೆಯದು. ಅಕ್ರಮ ಕಟ್ಟಡವು ನಮ್ಮದಾದಾಗ ಅದನ್ನು ಕೆಡವಲು ನೆಪ ಹುಡುಕಬೇಕಾಗಿಲ್ಲ ಎಂಬ ಇಂದಿನ ವಾಸ್ತವವನ್ನೂ ನೆನಪಿಟ್ಟುಕೊಳ್ಳೋಣ.

ಆದ್ದರಿಂದ ಈ ಚರ್ಚೆಯಲ್ಲಿ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಕಾಲೇಜುಗಳಿಗೂ ಬಸ್ಸಿನ ಮಾರ್ಗಕ್ಕೂ ಹತ್ತಿರವಿರುವ ಬಡಾವಣೆಗಳಲ್ಲಿ ಹೆಚ್ಚು ಮಹಡಿಗಳಿಗೆ ಅನುಮತಿ ಕೊಡಲಿ. ಆದರೆ ಹೆಚ್ಚುವರಿ ಮಹಡಿಯ ಲಾಭ ಪಡೆಯುವವನಿಂದ, ಹಳ್ಳಿಯ ಬಡ ವಿದ್ಯಾರ್ಥಿಗಳಿಗೆ ಕೈಗೆಟಕುವ ಬಾಡಿಗೆಯ ಒಂದು ಪಾಲು ಕೋಣೆಗಳನ್ನು ಷರತ್ತಾಗಿ ಪಡೆಯಲಿ, ಅವುಗಳ ಹಂಚಿಕೆ ಮಾಲಕನ ಕೈಯಲ್ಲಿ ಇರದಿರಲಿ. ನೀರು, ಒಳಚರಂಡಿ, ಅಗ್ನಿಸುರಕ್ಷತೆಯ ಲೆಕ್ಕ ಸರಿಯಾದ ಮೇಲೆಯೇ ಪರವಾನಿಗೆ ಸಿಗಲಿ. ಹಳೆಯ ಕಟ್ಟಡ ಬೀಳಿಸುವಾಗ ಅಲ್ಲಿ ಬಾಡಿಗೆಗಿದ್ದ ದರ್ಜಿ, ಪಂಕ್ಚರಿನವ, ಚಹಾದಂಗಡಿಯವರಿಗೆ ಹೊಸ ಕಟ್ಟಡದ ನೆಲ ಅಂತಸ್ತಿನಲ್ಲಿ ಜಾಗ ಕೊಡುವ ಕರಾರು ಮೊದಲೇ ಆಗಲಿ. ಬೀದಿ ವ್ಯಾಪಾರಿಗಳನ್ನು ಸಮೀಕ್ಷೆ ಮುಗಿಯುವವರೆಗೆ ಎಬ್ಬಿಸಬಾರದೆಂದು 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಹೇಳುತ್ತದೆ, ಅದನ್ನು ಪಾಲಿಸಲಿ. ಇವನ್ನು ಹೊಸ ಪಾಲಿಕೆಯ ಮುಂದೆ ಲಿಖಿತವಾಗಿ ಇಡಬೇಕು. ನಾವು ಒಬ್ಬರೇ ಅಲ್ಲ. ದಲಿತ, ಕುರುಬ, ಲಂಬಾಣಿ ವಿದ್ಯಾರ್ಥಿಗಳ ತಂದೆತಾಯಿಗಳೂ ಇದೇ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದಾರೆ. ಅವರ ಜೊತೆಗೂಡಿ ಇಡಬೇಕು.

ಸರಕಾರದಿಂದ ಕೇಳುವುದರ ಜೊತೆಗೆ ನಾವೇ ಮಾಡಬೇಕಾದ ಒಂದು ಕೆಲಸವಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಅಂಜುಮನ್‌ಗಳು ಧಾರವಾಡದವರೊಡನೆ ಒಂದು ದಿನ ಕೂತು, ಒಂದೇ ಒಂದು ವಕ್ಫ್ ನಿವೇಶನವನ್ನು ಆರಿಸಲಿ. ಕೆಳಗೆ ಅಂಗಡಿಗಳು, ಅವುಗಳ ಬಾಡಿಗೆ ಇಂದಿನ ದರದಲ್ಲಿ. ಮೊದಲ ಮಹಡಿಯಲ್ಲಿ ಎಲ್ಲ ಸಮುದಾಯದ ಮಕ್ಕಳಿಗೂ ತೆರೆದ ವಾಚನಾಲಯ. ಅದರ ಮೇಲೆ ತಾಲೂಕುಗಳ ಹೆಣ್ಣುಮಕ್ಕಳಿಗೆ ವಸತಿ. ಎರಡು ಮೆಟ್ಟಿಲು, ಮಂಜೂರಾದ ನಕ್ಷೆ, ವರ್ಷಕ್ಕೊಮ್ಮೆ ಮಸೀದಿಯ ಫಲಕದಲ್ಲಿ ಅಂಟಿಸುವ ಲೆಕ್ಕಪತ್ರ. ಅಂಗಡಿಯ ಬಾಡಿಗೆ ವಿದ್ಯಾರ್ಥಿನಿಯ ರೊಟ್ಟಿಯಾಗುವುದನ್ನು ಊರು ಕಣ್ಣಾರೆ ನೋಡಲಿ. ಶಾದಿಮಹಲಿಗೆ ಚಂದಾ ಕೊಟ್ಟ ಕೈಗಳು ಇದಕ್ಕೂ ಕೊಡುತ್ತವೆ, ಕೇಳುವವರು ಬೇಕು.

ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಆ ಸಂಜೆಯ ಬಸ್ಸಿನ ಹುಡುಗಿ ತನ್ನ ಅಂಕಪಟ್ಟಿಯ ಚೀಲವನ್ನು ಹಿಡಿದು ನಿಂತರೆ, ‘ಈಗಷ್ಟೇ ಒಬ್ಬರು ಮುಂಗಡ ಕೊಟ್ಟು ಹೋದರು’ ಎಂದ ಮಾಲಕನು ತನ್ನ ಉತ್ತರವನ್ನು ತಾನು ಕೊಡುತ್ತಾನೆ. ವಕ್ಫ್ ನಿವೇಶನಕ್ಕೆ ಬೀಗ ಹಾಕಿ ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡ ನಾವು ಕೊಡುವ ಉತ್ತರವೇನು? ಮುಂದಿನ ಪಿ.ಯು.ಸಿ. ಫಲಿತಾಂಶ ಬರುವ ಮೊದಲು ಇದನ್ನು ಯೋಚಿಸಿಕೊಳ್ಳುವುದು ಒಳ್ಳೆಯದು.